ಯಾರಿಗಾಗಿ ಯಾರು ಕಾಯಬೇಕು

ಕೆಲವರಿಗೆ ಕೊಡುವುದು ಕಷ್ಟ, ಕೆಲವರಿಗೆ ಬಿಡುವುದು ಕಷ್ಟ; ನನಗೆ ಕಷ್ಟವೆಂದರೆ ಕೇಳುವುದು. ಬರೀ ದಾರಿ ಕೇಳಬೇಕಾದರೂ ಎರಡು ಬೀದಿ ಹೆಚ್ಚು ಸುತ್ತಿ ನಾನೇ ಹುಡುಕಿಕೊಳ್ಳುತ್ತೇನೆ. ಚೆನ್ನೈಗೆ ಬಂದ ಮೂರೇ ತಿಂಗಳಲ್ಲಿ ನಾನು ತಮಿಳು ಓದಲು ಕಲಿತದ್ದನ್ನು ಕಂಡು ಪುರಸೈವಾಕ್ಕಂನ ನಮ್ಮ ಚಿಕ್ಕಮ್ಮ ಬಂಧುಬಳಗಕ್ಕೆಲ್ಲ ಫೋನು ಮಾಡಿ ಹೊಗಳಿದರು. ಬಸ್ಸಿನ ಬೋರ್ಡನ್ನು ನಾನೇ ಓದಿಕೊಂಡರೆ ‘ಇದು ಅಣ್ಣಾ ನಗರ್‌ಗೆ ಹೋಗುತ್ತದೆಯೇ’ ಎಂದು ಪಕ್ಕದವರನ್ನು ಕೇಳುವುದು ತಪ್ಪುತ್ತದೆ ಎಂಬುದೇ ಆ ಭಾಷಾಪ್ರೇಮದ ಗುಟ್ಟೆಂದು ನಾನು ಬಾಯಿಬಿಡಲಿಲ್ಲ.

ಇಂಥವಳಿಗೆ ನಮ್ಮ ಮ್ಯಾನೇಜರು ಒಂದು ಕೆಲಸ ಒಪ್ಪಿಸಿದರು. ನಾವು ಒಂದು ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ರೋಗಿಗಳ ನೋಂದಣಿಯ ಭಾಗ ಸುಮತಿಯದು, ವೈದ್ಯರ ವೇಳಾಪಟ್ಟಿ ಕರುಣಾಕರನ್‌ದು, ಲ್ಯಾಬಿನ ಭಾಗ ಬಷೀರ್‌ನದು. ಯಾವ ಭಾಗ ಮೊದಲು, ಯಾವುದು ಆಮೇಲೆ, ಯಾರಿಗಾಗಿ ಯಾರು ಕಾಯಬೇಕು ಎಂಬುದನ್ನೆಲ್ಲ ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಹಚ್ಚುವುದು ನನ್ನ ಪಾಲಿಗೆ ಬಂತು. ಜೊತೆಗೆ ದಿನಾಂಕಗಳನ್ನು ಸರಿಯಾಗಿ ಲೆಕ್ಕ ಹಾಕುವ ಒಂದು ಚಿಕ್ಕ ಭಾಗ ಬರೆಯುವುದೂ ಇತ್ತು. ಅದು ಅರ್ಧ ದಿನದ ಕೆಲಸ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡು ಚಾರ್ಟಿಗೆ ಕೈಹಾಕಿದೆ.

ಬುದ್ಧಿಯಿದ್ದವರು ಆ ಮೂವರ ಬಳಿ ಹೋಗಿ ‘ನಿಮಗೆ ಯಾರಿಂದ ಏನು ಬೇಕು’ ಎಂದು ಕೇಳುತ್ತಿದ್ದರು. ನಾನು ಇನ್ನೂರು ಪುಟದ ಕಡತ ತಂದು ಓದಿ, ಅದರಿಂದಲೇ ಎಲ್ಲವನ್ನೂ ಹೆಕ್ಕಿ ತೆಗೆದೆ. ಚೌಕಗಳನ್ನು ಸ್ಕೇಲಿಟ್ಟು ಎಳೆದೆ. ಬಾಣದ ಮೊನೆ ಕಾಯುವವರ ಕಡೆ ಇರಬೇಕೋ, ಕಾಯಿಸುವವರ ಕಡೆ ಇರಬೇಕೋ ಎಂಬ ವಿಷಯದಲ್ಲಿ ನನಗೂ ನನಗೂ ಅರ್ಧ ದಿನ ವಾದ ನಡೆದು, ಕೊನೆಗೆ ನಾನೇ ಗೆದ್ದೆ.

ಅಷ್ಟರಲ್ಲಿ ಸುಮತಿಯ ಮದುವೆ ಗೊತ್ತಾಯಿತು. ಕುಂಭಕೋಣದಲ್ಲಿ, ಬರುವ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ. ಮೂಲೆಗೆ ಅರಿಸಿನ ಹಚ್ಚಿದ ಕಾರ್ಡನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಬುಧವಾರದಿಂದ ರಜೆ ಕೇಳಿದಳು. ಅವರು ಕಾರ್ಡನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, “ಮೂರು ಭಾಗಗಳೂ ಸೇರಿ ಒಂದು ಸಲ ಓಡಲಿ ಅಮ್ಮಾ, ಆಮೇಲೆ ಧಾರಾಳವಾಗಿ ಹೋಗು. ಚಾರ್ಟ್ ಏನು ಹೇಳುತ್ತೋ ಹಾಗೆ” ಎಂದರು. ಅಂದಿನಿಂದ ಸುಮತಿ ದಿನಕ್ಕೆ ನಾಲ್ಕು ಸಲ ನನ್ನ ಚಾರ್ಟಿನ ಮುಂದೆ ನಿಲ್ಲತೊಡಗಿದಳು. ರೈಲಿನ ಡಬ್ಬಿಗೆ ಅಂಟಿಸಿದ ಪಟ್ಟಿಯಲ್ಲಿ ವೇಟಿಂಗ್ ಲಿಸ್ಟಿನವರು ತಮ್ಮ ಹೆಸರು ಹುಡುಕುತ್ತಾರಲ್ಲ, ಹಾಗೆ. ನನ್ನನ್ನು ನೋಡಿ ಒಮ್ಮೆ ನಕ್ಕು ಹೋಗುತ್ತಿದ್ದಳು.

ಮದುವೆಗೆ ಸರಿಯಾಗಿ ಒಂದು ವಾರವಿರುವಾಗ, ಶುಕ್ರವಾರ, ಕೊನೆಯ ಬಾಣ ಎಳೆದು ಹಿಂದೆ ಸರಿದು ನೋಡಿದೆ. ವೈದ್ಯರ ಸಮಯ ತಿಳಿಯದೆ ನೋಂದಣಿಯವರು ಟೋಕನ್ ಕೊಡುವಂತಿಲ್ಲ. ಲ್ಯಾಬಿನ ವರದಿ ಯಾವಾಗ ಬರುತ್ತದೆಂದು ತಿಳಿಯದೆ ವೈದ್ಯರು ಸಮಯ ಹೇಳುವಂತಿಲ್ಲ. ನೋಂದಣಿಯಿಂದ ರೋಗಿಯ ನಂಬರು ಬರದೆ ಲ್ಯಾಬಿನವರು ಸೂಜಿ ಮುಟ್ಟುವಂತಿಲ್ಲ. ಬಾಣಗಳು ಒಂದನ್ನೊಂದು ಅಟ್ಟಿಸಿಕೊಂಡು ದುಂಡಗೆ ಓಡುತ್ತಿದ್ದವು. ನನ್ನ ಚಾರ್ಟಿನ ಪ್ರಕಾರ ಯಾರೂ ಯಾವ ಕೆಲಸವನ್ನೂ ಎಂದಿಗೂ ಶುರುಮಾಡುವಂತಿರಲಿಲ್ಲ, ಸುಮತಿ ಮದುವೆಯಾಗುವಂತಿರಲಿಲ್ಲ. ರಬ್ಬರು ಹಿಡಿದು ಕೂತೆ. ಯಾವ ಬಾಣ ಅಳಿಸಿದರೂ ಒಬ್ಬ ರೋಗಿ ಅನಾಥನಾಗುತ್ತಿದ್ದ.

ಆ ವರ್ಷ ಚೆನ್ನೈಯಲ್ಲಿ ನೀರಿಗೆ ಹಾಹಾಕಾರ. ಭಾನುವಾರ ಬೆಳಿಗ್ಗೆ ಚಿಕ್ಕಮ್ಮ, “ಏನೇ ಮಂಕು ಬಡಿದವಳ ಹಾಗೆ ಕೂತಿದೀಯ? ತಣ್ಣಿ ಲಾರಿ ಬರೋ ಹೊತ್ತಾಯ್ತು. ನಮ್ಮ ಕೊಡ ಕೊಂಡುಹೋಗಿ ವರಿಸೆಲಿ ಇಟ್ಟು ಬಾ” ಎಂದರು. ಅವರು ಚಿಕ್ಕಪ್ಪನ ರೈಲ್ವೆ ಕೆಲಸದ ಜೊತೆ ಇಲ್ಲಿಗೆ ಬಂದು ಮೂವತ್ತು ವರ್ಷವಾಗಿದೆ; ನೀರು ತಣ್ಣಿಯಾಗಿ, ದೇವಸ್ಥಾನ ಕೋವಿಲ್ ಆಗಿ, ಸಾಲು ಅವರ ಬಾಯಲ್ಲಿ ಎಂದೋ ವರಿಸೆಯಾಗಿಬಿಟ್ಟಿದೆ.

“ಲಾರಿ ಬರೋವರೆಗೂ ಅಲ್ಲೇ ನಿಂತಿರಬೇಕಾ ಚಿಕ್ಕಮ್ಮ?”

“ನೀ ಯಾಕೆ ನಿಲ್ಲಬೇಕು? ಕೊಡ ನಿಲ್ಲತ್ತಲ್ಲ! ಮೇಲ್ಮನೆ ಮಾಮಿ ನೋಡು, ಖಾಲಿ ಕೊಡ ಇಟ್ಟು ಕೋವಿಲ್‌ಗೆ ಹೋಗಿ, ಕಾಫಿ ಕುಡಿದು, ನಿಧಾನಕ್ಕೆ ಬರತಾರೆ. ಆ ಕೊಡ ತಳ್ಳೋ ಧೈರ್ಯ ಈ ಬೀದೀಲಿ ಯಾರಿಗಿದೆ?”

ಬೀದಿಗೆ ಹೋಗಿ ನೋಡಿದೆ. ಹಸಿರು, ನೀಲಿ, ಕಿತ್ತಳೆ ಬಣ್ಣದ ಇಪ್ಪತ್ತು ಪ್ಲಾಸ್ಟಿಕ್ ಕೊಡಗಳು ಶಿಸ್ತಾಗಿ ನಿಂತಿದ್ದವು. ಮನುಷ್ಯರು ಒಬ್ಬರೂ ಇರಲಿಲ್ಲ, ಆದರೂ ಸಾಲು ಸಾಲಾಗಿಯೇ ಇತ್ತು. ನನಗೆ ಅಲ್ಲೇ ಹೊಳೆಯಿತು. ಲ್ಯಾಬಿನ ಭಾಗ ಬರುವವರೆಗೆ ಅದರ ಜಾಗದಲ್ಲಿ ಒಂದು ಖಾಲಿ ಕೊಡವಿಟ್ಟರೆ? ಏನು ಕೇಳಿದರೂ ಒಂದು ಹುಸಿ ಉತ್ತರ ಕೊಡುವ ನಾಲ್ಕು ಸಾಲಿನ ಪ್ರೋಗ್ರಾಮು! ಅದನ್ನು ನಂಬಿಕೊಂಡು ಉಳಿದವರು ಕೆಲಸ ಮಾಡುತ್ತಿರಬಹುದು. ನನ್ನ ಕೊಡವನ್ನು ಸಾಲಿನಲ್ಲಿಡುವುದನ್ನೇ ಮರೆತು ಕಂಕುಳಲ್ಲೇ ಹೊತ್ತು ಮನೆಗೆ ವಾಪಸು ಬಂದು ಚಿಕ್ಕಮ್ಮನಿಂದ ಬೈಸಿಕೊಂಡೆ.

ಈ ಮಹಾಸಂಶೋಧನೆಯನ್ನು ಮೂವರಿಗೂ ಹೇಳಲೇಬೇಕಿತ್ತು. ಭಾನುವಾರವಿಡೀ ತಮಿಳಿನಲ್ಲಿ ಭಾಷಣ ಅಭ್ಯಾಸ ಮಾಡಿ, ಸೋಮವಾರ ಜೀವಮಾನದಲ್ಲಿ ಮೊದಲ ಸಲ ಅವರ ಹಿಂದೆಯೇ ಆಫೀಸಿನ ಕೆಳಗಿನ ಟೀ ಅಂಗಡಿಗೆ ಇಳಿದೆ. ಅವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಬಷೀರ್ ತನ್ನ ಗ್ಲಾಸನ್ನೇ ನನ್ನ ಕೈಗಿಟ್ಟ. ನಾನು ಒಂದೇ ಉಸಿರಿನಲ್ಲಿ ಖಾಲಿ ಕೊಡದ ಸಿದ್ಧಾಂತ ಮಂಡಿಸಿದೆ.

“ಅದು ಪೋನ ವಾರಮೇ ಪಣ್ಣಿಟ್ಟೋಮೇ!” ಎಂದ ಕರುಣಾಕರನ್. ಅದನ್ನು ಅವರು ಹೋದ ವಾರವೇ ಮಾಡಿ ಮುಗಿಸಿದ್ದರು; ಇದೇ ಅಂಗಡಿಯಲ್ಲಿ, ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ.

“ನೋಂದಣಿ ಜಾಗದಲ್ಲಿ ಒಂದು ಖಾಲಿ ಕೊಡ ಇಟ್ಟಿದ್ದೀವಿ. ರೋಗಿಯ ನಂಬರ್ ಯಾವಾಗ ಕೇಳಿದರೂ ಏಳು ಅನ್ನುತ್ತೆ,” ಬಷೀರ್ ವಿವರಿಸಿದ. “ಒಂದು ವಾರದಿಂದ ನಮ್ಮ ಆಸ್ಪತ್ರೆಯಲ್ಲಿ ಅವನೊಬ್ಬನೇ. ದಿನಕ್ಕೆ ಇನ್ನೂರು ಸಲ ಅವನ ರಕ್ತ ತೆಗೀತೀನಿ. ಇನ್ನೂ ಬದುಕಿದ್ದಾನೆ, ಪಾಪ.”

“ನನಗೆ ಯಾಕೆ ಹೇಳಲಿಲ್ಲ?”

“ನೀವು ಚಾರ್ಟ್ ಬರೀತಾ ಇದ್ರಿ. ಡಿಸ್ಟರ್ಬ್ ಮಾಡೋದು ಹೇಗೆ?”

“ಹಾಗಾದರೆ ಇನ್ನೂ ಯಾಕೆ ಎಲ್ಲ ಸೇರಿಸಿ ಓಡಿಸಿಲ್ಲ? ಯಾರಿಗೋಸ್ಕರ ಕಾಯುತ್ತಿದ್ದೀರಿ?”

ಮೂವರೂ ತಮ್ಮ ಟೀಯಲ್ಲಿ ಏನೋ ಬಿದ್ದಿದೆಯೆಂಬಂತೆ ತಲೆ ತಗ್ಗಿಸಿದರು. ಕೊನೆಗೆ ಸುಮತಿ ಮೆಲ್ಲಗೆ, “ನಿಮ್ಮ ದಿನಾಂಕದ ಭಾಗ...” ಎಂದಳು.

ನನ್ನ ಚಾರ್ಟಿನಲ್ಲಿ ಒಂದೇ ಒಂದು ಚೌಕ ಇರಲಿಲ್ಲ: ನನ್ನದು. ಚಿಕ್ಕದಲ್ಲವೇ ಎಂದು ಬಿಟ್ಟಿದ್ದೆ. ದಿನಾಂಕವಿಲ್ಲದೆ ಟೋಕನ್ ಇಲ್ಲ, ವೈದ್ಯರಿಲ್ಲ, ವರದಿಯಿಲ್ಲ. ಆಫೀಸಿಗೆ ಆಫೀಸೇ ಹತ್ತು ದಿನದಿಂದ ನನಗಾಗಿ ಕಾಯುತ್ತಿತ್ತು. ನಾನು ಯಾರಿಗಾಗಿ ಯಾರು ಕಾಯಬೇಕೆಂದು ಸ್ಕೇಲಿಟ್ಟು ಗೀರುತ್ತಿದ್ದೆ.

ಅರ್ಧ ದಿನದ ಕೆಲಸ ಅರ್ಧ ದಿನದಲ್ಲೇ ಮುಗಿಯಿತು. ಮಂಗಳವಾರ ಮಧ್ಯಾಹ್ನ ಎಲ್ಲವನ್ನೂ ಸೇರಿಸಿ ಓಡಿಸಿದಾಗ ಪರದೆಯ ಮೇಲೆ ಎಂಟನೇ ನಂಬರಿನ ರೋಗಿ ಕಾಣಿಸಿಕೊಂಡ. ಬಷೀರ್ ಕೇಕೆ ಹಾಕಿದ. ಹೊಸ ರೋಗಿ ಬಂದನೆಂದು ಅಷ್ಟು ಜನ ಒಟ್ಟಿಗೆ ಸಂತೋಷಪಟ್ಟದ್ದು ಬೇರೆ ಯಾವ ಆಸ್ಪತ್ರೆಯಲ್ಲೂ ಇರಲಾರದು. ಮ್ಯಾನೇಜರು ರಜೆಯ ಚೀಟಿಗೆ ಸಹಿ ಹಾಕಿದರು. ಆ ದಿನ ಎರಡು ಊಟದ ಡಬ್ಬಿ ಕೊಟ್ಟಿದ್ದರೂ ತಿನ್ನುತ್ತಿದ್ದೆನೇನೋ.

ಹೊರಡುವ ಮುಂಚೆ ಸುಮತಿ ನನ್ನ ಮೇಜಿನ ಬಳಿ ಬಂದು ಚೀಲದಿಂದ ಒಂದು ಕಾರ್ಡು ತೆಗೆದಳು. ನನ್ನ ಹೆಸರು ಬರೆದದ್ದೇ. ಮೂಲೆಗಳು ಮಡಚಿಹೋಗಿದ್ದವು, ಅರಿಸಿನ ಉದುರಿತ್ತು.

“ಹತ್ತು ದಿನದಿಂದ ಇಟ್ಕೊಂಡಿದ್ದೆ,” ಎಂದಳು. “ಮದುವೆ ಕಾರ್ಡ್ ಕೊಟ್ಟರೆ ಬೇಗ ಮುಗಿಸಿ ಅಂತ ಕೇಳಿದ ಹಾಗಾಗುತ್ತಲ್ಲ? ನಿಮ್ಮನ್ನ ಕೇಳೋಕೆ ಎಲ್ಲರಿಗೂ ಸಂಕೋಚ.”

ಆ ಆಫೀಸಿನಲ್ಲಿ ಯಾರಿಗೂ ಎಳ್ಳಷ್ಟೂ ತೊಂದರೆ ಕೊಡದವಳು ನಾನೊಬ್ಬಳೇ ಎಂದು ಅಲ್ಲಿಯವರೆಗೆ ನಂಬಿದ್ದೆ. ನನಗೆ ತೊಂದರೆಯಾಗಬಾರದೆಂದು ಒಬ್ಬಳು ತನ್ನ ಮದುವೆಯನ್ನೇ ಹತ್ತು ದಿನ ಚೀಲದಲ್ಲಿ ಬಚ್ಚಿಟ್ಟುಕೊಂಡು ಓಡಾಡಿದ್ದಳು.