ಕನ್ನಡಿ ಮುಂದೆ ಹದಿನೈದು ದಿನ

ನಾನು ಸುಳ್ಳು ಹೇಳುವುದು ಕಡಿಮೆ. ತತ್ವವೇನಿಲ್ಲ, ಹೇಳಿದ ಮೇಲೆ ಅದನ್ನು ಸಾಕುವುದು ಕಷ್ಟ. ಆದರೂ ಅವತ್ತು ನಮ್ಮ ವಿಮಾ ಕಚೇರಿಯ ಊಟದ ಕೋಣೆಯಲ್ಲಿ ಮ್ಯಾನೇಜರು, "ಗಾಲ್ಫ್ ಬರುತ್ತೇನ್ರೀ?" ಎಂದು ಕೇಳಿದಾಗ ಬಾಯಲ್ಲಿ ತುತ್ತಿತ್ತು, ತಲೆ ಆಡಿಸಿಬಿಟ್ಟೆ. ಅವರು, ಅವರ ಸ್ನೇಹಿತರಾದ ವೈದ್ಯರು, ವೈದ್ಯರ ಷಡ್ಡಕ, ಇನ್ನೊಬ್ಬರು, ಹೀಗೆ ನಾಲ್ವರು ಪ್ರತಿವರ್ಷ ಬೆಟ್ಟದ ಮೇಲಿನ ಗಾಲ್ಫ್ ಮೈದಾನಕ್ಕೆ ಸಂಸಾರ ಸಮೇತ ಮೂರು ದಿನ ಹೋಗುವುದು ವಾಡಿಕೆ. ಈ ಸಲ ಆ ಇನ್ನೊಬ್ಬರ ಮಂಡಿ ಕೈಕೊಟ್ಟಿತ್ತು. ಖಾಲಿ ಜಾಗಕ್ಕೆ ನಾನು ಭರ್ತಿಯಾದೆ. ಬೆಟ್ಟಕ್ಕೆ ಹೊರಡುವ ಮೊದಲು, ಮುಂದಿನದರ ಮುಂದಿನ ಭಾನುವಾರ, ಇಲ್ಲೇ ಊರಾಚೆಯ ಮೈದಾನದಲ್ಲಿ ಒಂದು ಕೈ ನೋಡೋಣ ಎಂದರು.

ಮನೆಗೆ ಬಂದು ತಪ್ಪೊಪ್ಪಿಕೊಂಡು, ನಾಳೆಯೇ ಬರುವುದಿಲ್ಲವೆಂದು ಹೇಳಿಬಿಡುತ್ತೇನೆ ಎಂದೆ. ನನ್ನವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮದುವೆಯಾಗಿ ಹನ್ನೊಂದು ವರ್ಷ ಆಯ್ತು ರೀ," ಎಂದಳು. "ಬೆಟ್ಟ ಗಿಟ್ಟ ನಂಗೆ ಬೇಡ. ಮೂರು ದಿನ ಬೇರೆ ಯಾರೋ ಮಾಡಿ ಬಡಿಸ್ಲಿ, ನಾನು ಕೂತು ತಿಂದು ಮಲಗ್ತೀನಿ. ಅಷ್ಟು ಸಾಕು."

ಅವಳು ಕೇಳಿದ್ದು ಒಡವೆಯಲ್ಲ, ನಿದ್ದೆ. ಆಟ ಕಲಿತೇಬಿಡುವುದೆಂದು ನಿಶ್ಚಯಿಸಿದೆ.

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಹೊಲದ ಬದುವಿನ ಮೇಲೆ ಕೂತು ಉರು ಹೊಡೆದು ಪಾಸಾದವನು. ಪುಸ್ತಕದಿಂದ ಬಾರದ ವಿದ್ಯೆಯೊಂದಿದೆ ಎಂದು ನಾನು ನಂಬಿದವನಲ್ಲ. ಗ್ರಂಥಾಲಯದಿಂದ ಗಾಲ್ಫ್ ಪುಸ್ತಕ ತಂದೆ, ನಲವತ್ತು ಪುಟ ಟಿಪ್ಪಣಿ ಮಾಡಿದೆ, ಮುಖ್ಯಾಂಶಗಳಿಗೆ ಕೆಂಪು ಗೆರೆ ಎಳೆದೆ. ತೊಂದರೆಯೆಲ್ಲ ಮೈಯದು. ಬಾಲ್ಯವಿಡೀ ಕೊಡಲಿ ಹಿಡಿದ ಮೈ. ಏನೆತ್ತಿದರೂ ಸೌದೆ ಸೀಳುವ ಹಾಗೆ ನೆಟ್ಟಗೆ ಇಳಿಯುತ್ತಿತ್ತು. ಸೊಂಟ ತಿರುಗಬೇಕು, ತಲೆ ಅಲುಗಬಾರದು, ಕೋಲು ಗಡಿಯಾರದ ಲೋಲಕದಂತೆ ತೂಗಬೇಕು ಎಂದು ಪುಸ್ತಕ ಬೇರೆಯೇ ಹೇಳುತ್ತಿತ್ತು.

ಅದರಲ್ಲಿ ಆಟಗಾರನೊಬ್ಬ ನಮ್ಮ ಕಡೆ ಮುಖ ಮಾಡಿ ಕೋಲೆತ್ತಿ ನಿಂತ ಚಿತ್ರವಿತ್ತು. ಅದರ ನಕಲು ತೆಗೆಸಿ ಬೀರುವಿನ ಕನ್ನಡಿಗೆ ಅಂಟಿಸಿದೆ. ಕನ್ನಡಿಯೊಳಗಿನ ನಾನು ತದ್ವತ್ ಚಿತ್ರದವನಂತೆ ಕಾಣುವವರೆಗೆ ಬಿಡುವುದಿಲ್ಲವೆಂದು ಭೀಷಣ ಪ್ರತಿಜ್ಞೆ ಮಾಡಿದೆ. ಕೋಲಿನ ಬದಲು ಛತ್ರಿ, ಚೆಂಡಿನ ಬದಲು ಆಲೂಗಡ್ಡೆ. (ಆ ಹದಿನೈದು ದಿನ ಊಟಕ್ಕೆ ಯಾವ ತರಕಾರಿ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.) ಬೆಳಿಗ್ಗೆ ಐವತ್ತು ಬೀಸು, ಸಂಜೆ ಐವತ್ತು. ಹೆಗಲು ಹಿಡಿಯಿತು, ಸೊಂಟ ಹಿಡಿಯಿತು, ದೀಪದ ಬುರುಡೆ ಎರಡು ಹೋದವು.

"ಕನ್ನಡಿ ಮುಂದೆ ಇಷ್ಟು ಹೊತ್ತು ಮದುವೆ ದಿನ ನಾನೂ ನಿಂತಿರ್ಲಿಲ್ಲ," ಎಂದಳು ನನ್ನವಳು, ಮಂಚದ ಕೆಳಗಿನಿಂದ ಆಲೂಗಡ್ಡೆ ಹೆಕ್ಕುತ್ತ.

ಹದಿನಾಲ್ಕನೆಯ ದಿನ ಕನ್ನಡಿಯವನೂ ಚಿತ್ರದವನೂ ಅವಳಿ ಜವಳಿಗಳಂತೆ ಕಂಡರು.

ಭಾನುವಾರ ಮೈದಾನದಲ್ಲಿ ಮ್ಯಾನೇಜರು ತಮ್ಮದೇ ಒಂದು ಕೋಲು ಕೊಟ್ಟರು. ಶಾಸ್ತ್ರೋಕ್ತವಾಗಿ ನಿಂತೆ. ನೋಡಿದರೆ ಮೂವರೂ ಒಂದು ಕಡೆ ಮುಖ ಮಾಡಿ ನಿಂತಿದ್ದಾರೆ, ನಾನೊಬ್ಬ ಅವರಿಗೆ ಎದುರಾಗಿ. ಕೋಲಿನ ತಲೆಯೂ ಚೆಂಡಿಗೆ ಬೆನ್ನು ತೋರಿಸುತ್ತಿತ್ತು. ಆಗ ತಿಳಿಯಿತು: ಕನ್ನಡಿ ಎಡವನ್ನು ಬಲ ಮಾಡುತ್ತದೆ. ಚಿತ್ರದವನ ಬಲಗೈ ಆಟವನ್ನು ನಾನು ಶ್ರದ್ಧೆಯಿಂದ ಎಡಗೈಗೆ ಕಲಿಸಿದ್ದೆ. ಗಡಿಬಿಡಿಯಲ್ಲಿ ಆಚೆ ತಿರುಗಿ ಬೀಸಿದೆ. ಮೈ ಸೀದಾ ಸೌದೆಗೆ ಹೋಯಿತು. ಚೆಂಡು ಅಲುಗಲಿಲ್ಲ. ಒಂದು ಹೆಂಟೆ ಎದ್ದು ವೈದ್ಯರ ಬಿಳಿ ಅಂಗಿಗೆ ಬಡಿಯಿತು.

ಮ್ಯಾನೇಜರು ಕೋಲನ್ನು ವಾಪಸು ತೆಗೆದುಕೊಂಡರು. "ನಿಜ ಹೇಳ್ರೀ. ನಿಮಗೆ ಆಟ ಬರುತ್ತಾ?"

ಆಟ ನೋಡಲೆಂದು ಜೊತೆಗೆ ಬಂದಿದ್ದ ನನ್ನವಳು ಬೇಲಿಯಾಚೆ ನಿಂತು ನೋಡುತ್ತಿದ್ದಳು. ಬಟ್ಟೆಬರೆ ಕಟ್ಟಿಟ್ಟು ನಾಲ್ಕು ದಿನವಾಗಿತ್ತು.

"ಬರುತ್ತೆ ಸಾರ್, ಎಡಗೈಲಿ," ಎಂದೆ. "ನಾನು ಹುಟ್ಟಾ ಎಡಚ. ಚಿಕ್ಕವನಿದ್ದಾಗ ಮೇಷ್ಟ್ರು ಹೊಡೆದು ಹೊಡೆದು ಬಲಗೈಗೆ ತಿರುಗಿಸಿದ್ರು."

ಮ್ಯಾನೇಜರ ಕಣ್ಣು ತೇವವಾಯಿತು. (ಒಂಬತ್ತು ವರ್ಷ ರಜೆ ಚೀಟಿ ಹಿಡಿದು ಅವರೆದುರು ನಿಂತಿದ್ದೇನೆ, ಒಮ್ಮೆಯೂ ಆಗಿರಲಿಲ್ಲ.) ಎಡಚರ ಕೋಲು ತರಿಸಿದರು. ಬೀಸಿದೆ. ಚೆಂಡು ಬಹಳ ದೂರ ಹೋಗಲಿಲ್ಲ, ಆದರೆ ಹಾರಿತು. ಮೂವರೂ ಚಪ್ಪಾಳೆ ತಟ್ಟಿದರು. ವೈದ್ಯರು ನನ್ನ ಮಣಿಕಟ್ಟು ಹಿಡಿದು ನೋಡಿ, ಹುಟ್ಟುಗುಣವನ್ನು ಅದುಮಿಡುವುದು ನರಕ್ಕೆ ಒಳ್ಳೆಯದಲ್ಲ, ಇನ್ನು ಮೇಲೆ ಎಲ್ಲಕ್ಕೂ ಎಡಗೈಯನ್ನೇ ಬಳಸಬೇಕು ಎಂದು ಅಪ್ಪಣೆ ಮಾಡಿ, ತಾವೇ ಖುದ್ದಾಗಿ ನಿಗಾ ಇಡುವುದಾಗಿ ಹೇಳಿದರು.

ಇಟ್ಟರು ಕೂಡ. ಬೆಟ್ಟದ ಮೇಲೆ ಮೂರು ದಿನ ಎಡಗೈಯಲ್ಲೇ ಸೂಪು ಕುಡಿದೆ. ಅರ್ಧ ನಾನು, ಅರ್ಧ ನನ್ನ ಅಂಗಿ. ಬೆಳಗಿನಿಂದ ಸಂಜೆವರೆಗೆ ಬೀಸಿ ಬೀಸಿ ಎಡ ಭುಜ ನನ್ನದಲ್ಲದಂತಾಯಿತು. ಆಟ ಮುಗಿದೊಡನೆ ಕೆಲಸವಿಲ್ಲದ ಬಲಗೈ ಜೇಬಿನಲ್ಲಿ ಕೈದಿಯಂತೆ ಕೂತಿತ್ತು. ನನ್ನವಳು ಬಡಿಸಿದ್ದನ್ನು ತಿಂದಳು, ಮಲಗಿದಳು, ಎದ್ದು ಮತ್ತೆ ತಿಂದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ಹಿಂತಿರುಗಿದರೆ ಮ್ಯಾನೇಜರು ಕಚೇರಿಯಲ್ಲಿ ಎಡಗೈಗೆ ಅನುಕೂಲವಾಗಲೆಂದು ನನ್ನ ಮೇಜನ್ನೇ ತಿರುಗಿಸಿ ಹಾಕಿಸಿದ್ದರು. ಅವರೆದುರು ಎಡಗೈಯಲ್ಲಿ ಹಾಜರಿ ಸಹಿ ಹಾಕಿದೆ. ಸಹಿ ತಾಳೆಯಾಗದೆ ಆ ವಾರವಿಡೀ ನಾನು, ಎಲ್ಲರ ಕಣ್ಣೆದುರು ಕೂತಿದ್ದೂ, ಗೈರುಹಾಜರು.

ಶನಿವಾರ ಸಂಜೆ ಸುಸ್ತಾಗಿ ಮನೆಗೆ ಬಂದೆ. ಸಾಕಾಯಿತು, ಸೋಮವಾರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ತಟ್ಟೆಯ ಮುಂದೆ ಕೂತು ಬಲಗೈಯನ್ನು ಚಮಚಕ್ಕೆ ಚಾಚಿದೆ. ನನ್ನವಳು ಚಮಚವನ್ನೆತ್ತಿ ತಟ್ಟೆಯ ಎಡಕ್ಕೆ ಇಟ್ಟಳು.

"ನಿಮ್ಮ ಮ್ಯಾನೇಜರ ಹೆಂಡತಿ ಫೋನ್ ಮಾಡಿದ್ರು," ಎಂದಳು. "ಮುಂದಿನ ವರ್ಷ ಐದು ದಿನ ಅಂತೆ. ಅಭ್ಯಾಸ ತಪ್ಪಿಸ್ಬೇಡಿ."