ಗೊಬ್ಬರ ಒಲ್ಲದ ಪ್ರೋಟಿಯಾ ಮಹಾರಾಯರಿಗೆ

ಎಚ್.ಡಿ. ಕೋಟೆ ತಾಲ್ಲೂಕು ಹಂಪಾಪುರದ ನಮ್ಮ ಅಂಗಳದಲ್ಲಿ, ಜಲ್ಲಿಗುಡ್ಡೆಯ ಮೇಲೆ ಪೂರ್ವಾಭಿಮುಖವಾಗಿ ಬಿಜಯಂಗೈದಿರುವ ಪ್ರೋಟಿಯಾ ಗಿಡದವರ ಸನ್ನಿಧಾನಕ್ಕೆ, ಅದೇ ಮನೆಯ ಜಗುಲಿಯಲ್ಲಿ ಹೊಲಿಗೆಯಂತ್ರ ತುಳಿಯುವ ನೀಲಾಂಬಿಕೆ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ದಕ್ಷಿಣ ಆಫ್ರಿಕಾದ ಬೆಟ್ಟಸಾಲಿನ ಮನೆತನದವರು. ನಾನು ರವಿಕೆಗೆ ಗುಂಡಿ ಹಚ್ಚುವವಳು. ತಮ್ಮ ಮೇಲೆ ದೂರು ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ತಮ್ಮ ನಾಜೂಕಿನಿಂದಾಗಿ ಹನ್ನೊಂದು ತಿಂಗಳು ನನಗೆ ಗೆಳತಿಯಿಲ್ಲದಂತಾಯಿತೆಂಬ ಸಂಗತಿಯನ್ನು ತಮ್ಮ ಎಲೆಗಳಿಗೆ ಹಾಕದೆ ಇರಲಾರೆ.

ಕೊಡಗಿನ ಕಡೆಯ ನರ್ಸರಿಯೊಂದರಿಂದ ತಮ್ಮನ್ನೂ ತಮ್ಮ ಇಬ್ಬರು ಸಹೋದರರನ್ನೂ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದವಳು ನಾನು. ಜೊತೆಗೆ ಕೊಟ್ಟ ಚೀಟಿಯಲ್ಲಿ ಗೊಬ್ಬರ ಹಾಕಬಾರದು, ಬುಡ ಕೆದಕಬಾರದು, ನೀರು ನಿಲ್ಲಬಾರದು, ನೆರಳು ಕೂಡದು ಎಂದಿತ್ತು. ನಮ್ಮ ಅಳಿಯಂದಿರು ಮೊದಲ ದೀಪಾವಳಿಗೆ ಬಂದಾಗಲೂ ಇಷ್ಟು ಷರತ್ತು ಹಾಕಿರಲಿಲ್ಲ. ಆದರೂ ನಮ್ಮ ಯಜಮಾನರಾದ ಚನ್ನಬಸವಣ್ಣನವರು ತಮಗಾಗಿ ಮಂಕರಿ ಮಂಕರಿ ಜಲ್ಲಿ ಹೊತ್ತರು. ದಾರಿಯಲ್ಲಿ ಹೋಗುತ್ತಿದ್ದ ಅಂಕಯ್ಯ ಬೇಲಿಯಾಚೆ ನಿಂತು, "ಏನ್ ನೀಲಕ್ಕ, ಊರೋರೆಲ್ಲ ಹೊಲದಾಗಿನ ಕಲ್ಲ ಆಚ್ಗೆ ಎಸೀತಾರೆ, ನೀವು ಒಳೀಕೆ ತತ್ತಾ ಇದ್ದೀರಲ್ಲ!" ಎಂದು ನಕ್ಕಿದ್ದನ್ನೂ ತಮ್ಮ ಗೌರವಾರ್ಥ ಸಹಿಸಿಕೊಂಡೆವು.

ಇನ್ನು ಪಕ್ಕದ ಮನೆಯ ಸುನಂದಮ್ಮನ ವಿಚಾರ. ಆಕೆಯ ಕೈಗುಣ ದೊಡ್ಡದು. ಹೊಗೆಸೊಪ್ಪಿನ ಮೊದಲ ಸಸಿಯಾಗಲಿ, ಹೊಸ ತೋಟದ ಮೊದಲ ಬಾಳೆಯಾಗಲಿ, ಆಕೆ ಮುಟ್ಟಿ ನೆಟ್ಟರೇ ನಮ್ಮೂರಿಗೆ ಸಮಾಧಾನ. ಮಗಳು ಭಾವನಾಳ ಹೆರಿಗೆಗೆಂದು ಯಜಮಾನರನ್ನೂ ಕರೆದುಕೊಂಡು ನಾನು ಮೈಸೂರಿಗೆ ಹೊರಟಾಗ, "ಗಿಡಗಳನ್ನ ಸುಮ್ನೆ ನೋಡ್ತಿರು, ಇನ್ನೇನೂ ಮಾಡ್ಬೇಡ" ಎಂದು ಆಕೆಗೇ ಹೇಳಿ ಹೋದೆ. ಮೂರು ಎಮ್ಮೆ ಸಾಕಿದ ಹೆಂಗಸಿಗೆ ಸುಮ್ಮನೆ ನೋಡುವ ಶಿಕ್ಷೆ ಕೊಡಬಾರದಿತ್ತು. ಕಲ್ಲಿನ ನಡುವೆ ತಾವು ಮೂವರೂ ಬಡಕಲಾಗಿ ನಿಂತದ್ದು ಕಂಡು ಆಕೆಯ ಕರುಳು ಚುರ್ ಎಂದಿದೆ. ಚೆನ್ನಾಗಿ ಕಳಿತ ಗೊಬ್ಬರವನ್ನು ತಮ್ಮ ಸಹೋದರರಿಬ್ಬರಿಗೂ ತಲಾ ಒಂದು ಮಂಕರಿ ಬಡಿಸಿದ್ದಾಳೆ. ತಮ್ಮ ಪಾಳಿ ಬರುವಷ್ಟರಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದ್ದರಿಂದ ತಾವು ಬದುಕಿದಿರಿ.

ಹದಿನೈದು ದಿನದ ಮೇಲೆ ನಾನು ಬಂದು ನೋಡಿದರೆ ಎರಡು ಗಿಡ ಕಪ್ಪಗೆ ಸೀದುಹೋಗಿದ್ದವು. ಮಾನ್ಯರೇ, ಆ ಹೊತ್ತಿನಲ್ಲಿ ನಾನಾಡಿದ ಮಾತನ್ನು ತಾವೂ ಕೇಳಿದ್ದೀರಿ. "ನಿನ್ ಕೈ ಕೆಟ್ಟ ಕೈ ಕಣೇ, ಸುನಂದಾ!" ಎಂದುಬಿಟ್ಟೆ. ಆಕೆ ತನ್ನ ಎರಡೂ ಅಂಗೈ ನೋಡಿಕೊಂಡು ಒಳಗೆ ಹೋದಳು. ಅಂದಿನಿಂದ ಯಾರು ಕರೆದರೂ ಸಸಿ ಮುಟ್ಟಲಿಲ್ಲ. ಮುಂಗಾರಿನಲ್ಲಿ, ವರ್ಷವೂ ಆಕೆಯ ಕೈಯಿಂದಲೇ ಮೊದಲ ಹೊಗೆಸೊಪ್ಪಿನ ಸಸಿ ನೆಡಿಸುವ ಲಿಂಗಣ್ಣನೇ ಬಾಗಿಲಿಗೆ ಬಂದು ಕರೆದಾಗಲೂ, "ಬ್ಯಾರೇರ ಕರ್ಕೊಳಣ್ಣ, ನನ್ ಕೈ ಸರಿಗಿಲ್ವಂತೆ" ಎಂದದ್ದು ನನ್ನ ಜಗುಲಿಗೂ ಕೇಳಿಸಿತು. ಸೂಜಿ ಬೆರಳಿಗೆ ಚುಚ್ಚಿತು.

ಇಷ್ಟೆಲ್ಲ ನಡೆದರೂ ತಾವು ಮಾತ್ರ ನಿಶ್ಚಿಂತೆಯಿಂದ, ಯಾರೂ ತಿರುಗಿ ನೋಡದಿದ್ದ ಕಾರಣಕ್ಕೇ ಪೊಗದಸ್ತಾಗಿ ಬೆಳೆದು, ಮಾಘಮಾಸದಲ್ಲಿ ಊಟದ ತಟ್ಟೆಯಷ್ಟಗಲದ ಗುಲಾಬಿ ಬಣ್ಣದ ಹೂವೊಂದನ್ನು ಬಿಟ್ಟಿರಿ. ಏನು ವೈಭವ! ಇಡೀ ಬೀದಿ ನೆರೆಯಿತು. ಪ್ಲಾಸ್ಟಿಕ್ ಇರಬೇಕೆಂದು ಒಬ್ಬರು ಚಿವುಟಿದರು, "ಪಲ್ಯಕ್ಕಾದದಾ?" ಎಂದು ಅಂಕಯ್ಯ ಕೇಳಿದ. ಎಲ್ಲರೂ ಬಂದರು, ಸುನಂದಮ್ಮನೊಬ್ಬಳನ್ನು ಬಿಟ್ಟು. ನೋಡಬೇಕಾದವಳೇ ನೋಡದ ಹೂವು ನನಗೇಕೆಂದು, ತಮ್ಮ ಅಪ್ಪಣೆಯಿಲ್ಲದೆ ಕತ್ತರಿಯಿಂದ ಅದನ್ನು ಕತ್ತರಿಸಿ, ಆಕೆಯ ಕೊಟ್ಟಿಗೆಗೇ ಒಯ್ದೆ.

"ನಿನ್ ಕೈ ಕೆಟ್ಟದ್ದಲ್ಲ ಕಣೇ, ನನ್ ನಾಲಿಗೆ ಕೆಟ್ಟದ್ದು. ತಪ್ಪಾಯ್ತು" ಎಂದೆ.

ಆಕೆ ಹೂವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, "ಒಂದ್ ಮಂಕ್ರಿ ಗೊಬ್ರ ಅರಗಿಸ್ಕೊಳಕಾಗ್ದೆ ಸತ್ತೋದ್ವಲ್ಲ, ಅದ್ಯಾವ ಸೀಮೆ ಗಿಡಾನೇ ಅವು!" ಎಂದಳು. ಅಷ್ಟೇ ಸಾಕಾಯಿತು. ಎಮ್ಮೆಗಳು ಬೆದರುವಷ್ಟು ನಕ್ಕೆವು, ಅಳುವನ್ನೂ ಅದರಲ್ಲೇ ಸೇರಿಸಿ ಮುಗಿಸಿದೆವು. ಮರುದಿನ ಬೆಳಿಗ್ಗೆಯೇ ಆಕೆ ಲಿಂಗಣ್ಣನ ಹಿತ್ತಲಿಗೆ ಹೋಗಿ ನುಗ್ಗೆ ಕೊಂಬೆ ನೆಟ್ಟು ಬಂದಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ತಮಗೆ ಅಜೀರ್ಣವಾದಲ್ಲಿ ಸಾಯುವ ಮೊದಲು ಒಂದು ಸಲ ಕೆಮ್ಮತಕ್ಕದ್ದು. ಯುಗಾದಿಗೆ ಅರ್ಧ ಚಮಚ ಮಜ್ಜಿಗೆಯನ್ನಾದರೂ ಸ್ವೀಕರಿಸಿ ಈ ಊರಿನವರಂತೆ ಬಾಳತಕ್ಕದ್ದು. ಮುಂದಿನ ಹೂವನ್ನು ಸುನಂದಮ್ಮನ ಮನೆಯ ಕಡೆಗೆ ಕತ್ತು ತಿರುಗಿಸಿ ಬಿಡತಕ್ಕದ್ದು. ತಮಗಾಗಿ ಜಲ್ಲಿ ಹೊತ್ತ ನಮ್ಮ ಯಜಮಾನರ ಸೊಂಟನೋವಿನ ಬಗ್ಗೆ ತಾವೇ ಖುದ್ದಾಗಿ ವಿಚಾರಿಸತಕ್ಕದ್ದು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನೀಲಾಂಬಿಕೆ, ಹಂಪಾಪುರ

ತಾ.ಕ.: ತಮ್ಮ ತವರಿನಲ್ಲಿ ಕಾಡ್ಗಿಚ್ಚು ಹಾಯ್ದ ಮೇಲೆ ತಮ್ಮ ಕುಲದವರು ಬುಡದಿಂದ ಮತ್ತೂ ಸೊಗಸಾಗಿ ಚಿಗುರುತ್ತಾರೆಂದು ನಿನ್ನೆ ಓದಿ ತಿಳಿದೆ. ನಮ್ಮ ಬಚ್ಚಲೊಲೆ ತಮ್ಮಿಂದ ಹತ್ತೇ ಹೆಜ್ಜೆ ದೂರದಲ್ಲಿದೆ. ಬೇಕೆನಿಸಿದಾಗ ಸಂಕೋಚವಿಲ್ಲದೆ ತಿಳಿಸಿ.