ಇಸ್ಕೂಲ್ ಮಾಸ್ತರನ ಇಂಗ್ಲೀಷು

ಇಂಗ್ಲೀಷ್ ಕಲಿಸಿ ಹೊಟ್ಟಿ ಹೊರಕೊಂಡವ ನಾನು. ಅದೇ ಇಂಗ್ಲೀಷು ನನ್ನ ಮಾನ ಕಳದದ್ದು ಒಂದು ಸಲ ಅಲ್ಲ, ಎರಡು ಸಲ ಅಲ್ಲ. ನೆನಸಿದ್ರ ಈಗೂ ಮಾರಿ ಮುಚ್ಕೋಬೇಕು ಅನಸ್ತದ.

೧. ಹಿಂದ, ಮುಂದ

ನಮ್ಮ ಶಹಾಬಾದ ಕಡಿ ಮುಂದೊಂದು 'ಇ' ಹಚ್ಚಲಾರದ ಇಂಗ್ಲೀಷೇ ಇಲ್ಲ. ಇಸ್ಕೂಲ್, ಇಸ್ಟೇಸನ್, ಇಸ್ಪೂನ್. ಮಾಸ್ತರ ಟ್ರೇನಿಂಗಿಗೆ ಮೈಸೂರಿಗೆ ಹೋದಾಗ ಅಲ್ಲಿನ ಗುರುಗಳು ಎಲ್ಲಾರ ಮುಂದ ನನ್ನನ್ನ ನಿಲ್ಲಿಸಿ, "ಇಸ್ಪೂನ್ ಅಲ್ಲ ಕಣಯ್ಯಾ, ಸ್ಪೂನು!" ಅಂದ್ರು.

ನಾನು ಮುಂದ 'ಇ' ಹಚ್ಚಿದ್ದೆ, ಅವರು ಹಿಂದ 'ಉ' ಹಚ್ಚಿದ್ರು. ಆದ್ರ ಮಂದಿ ನಕ್ಕಿದ್ದು ನನಗೇ.

೨. ಬೆಂಚು

ಆ ಸಿಟ್ಟನ್ನ, ಮುಂದ ನೌಕರಿ ಸಿಕ್ಕ ಚಿತ್ತಾಪುರದ ಹುಡುಗರ ಮ್ಯಾಲ ತೀರಿಸ್ಕೊಂಡೆ. ಇಸ್ಕೂಲ್ ಅಂದವರು ಬೆಂಚಿನ ಮ್ಯಾಲ ನಿಂದ್ರಬೇಕು! ಅರ್ಧ ಕ್ಲಾಸು ನಿಂತಿತ್ತು. ಅಷ್ಟರಾಗ ಹೆಡ್ ಮಾಸ್ತರು ಬಂದು, "ಏನ್ರಿ ಮಾಸ್ತರ, ಇದು ಇಸ್ಕೂಲ್ ಅದನೋ ಸರ್ಕಸ್ ಅದನೋ?" ಅಂದ್ರು.

ಎಲ್ಲಾರೂ ನನ್ನ ಮಾರಿ ನೋಡಿದ್ರು. ಮುಂದಿನ ಬೆಂಚಿನ ಮ್ಯಾಲ ನಿಂತ ಹುಡುಗಿ ಒಂದೀಟು ಸರದು, "ಬರ್ರಿ ಸರ್, ಇಲ್ಲಿ ಜಾಗಾ ಅದ," ಅಂತ ಹೆಡ್ ಮಾಸ್ತರನ್ನ ಕರದ್ಳು.

೩. ಅಪ್ಪ

ನಮ್ಮಪ್ಪ ನೆಲಕ್ಕ ಹಾಸೋ ಫರಸಿ ಕಲ್ಲು ಕಡಿಯಾವ. ನನಗ ಬಿ.ಎ. ಓದಿಸಿದ್ದು ಅದೇ ಕೈ. ನಾಲವಾರಕ್ಕ ಹೆಣ್ಣು ನೋಡಲಿಕ್ಕ ಹೊಂಟಾಗ ರೈಲಿನಾಗ ಅವಗ ಹೇಳಿದೆ: "ಅಪ್ಪಾ, ಅವರು ಓದಿದ ಮನಿತನದವರು. ನಿನ್ನ ಇಸ್ಟೇಸನ್ ಗಿಸ್ಟೇಸನ್ ಅಲ್ಲಿ ತಗೀಬ್ಯಾಡ. ಸುಮ್ನ ಕುಂದ್ರು." ಅಪ್ಪ ಹೂಂ ಅಂದ. ನಾಚಿಗಿಗೇಡಿ ನಾನು, ನನಗ ಸಮಾಧಾನ ಆಯ್ತು.

ಬೀಗರು "ಆರಾಮ ಬಂದ್ರೇನ್ರಿ?" ಅಂದ್ರ ಅಪ್ಪ ತಲಿ ಅಲ್ಲಾಡಿಸಿದ. "ಎಷ್ಟು ಮಂದಿ ಮಕ್ಕಳ್ರಿ?" ಅಂದ್ರ ಎರಡು ಬೆರಳು ತೋರಿಸಿದ. ಹುಡುಗಿ ಚಾ ಕೊಟ್ಟು ಬಾಗಲದಾಗ ಹೋಗಿ ನಿಂತಳು. ನನಗ ಭಾಳ ಮನಸಿಗಿ ಬಂದಿದ್ಳು. ಅಷ್ಟರಾಗ ಒಳಗಿಂದ ಆಕಿ ತಾಯಿ ಮಾತು ಕೇಳಿಸ್ತು: "ಅಯ್ಯ ನಮ್ಮವ್ವ, ಮಾವ ಮೂಕ ಅದಾನ! ನಾಳಿಗಿ ಮೊಮ್ಮಕ್ಕಳೂ ಹಂಗೇ ಹುಟ್ಟಿದ್ರ? ಈ ಸಂಬಂಧ ಬ್ಯಾಡೇ ಬ್ಯಾಡ."

"ಅಪ್ಪಾ, ಮಾತಾಡು!" ಅಂದೆ.

ಅಪ್ಪ ಬೀಗರಿಗಿ ಕೈ ಮುಗದ. "ನಾ ಮೂಕ ಅಲ್ರಿ. ಮಗ ಇಸ್ಕೂಲ್ ಮಾಸ್ತರ ಅದಾನ. ಇಸ್ಟಾಪ್ ಅಂದಿದ್ದ, ನಿಂತಿದ್ದೆ."

ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಿಸ್ತು. ಬಾಗಲದಾಗಿನ ಹುಡುಗಿ ಕಿಸಕ್ಕನ ನಕ್ಕಳು. ಅಪ್ಪನ್ನ ನೋಡೇ ಒಪ್ಪಿದ್ಳು, ನನ್ನನ್ನಲ್ಲ.

ಅಪ್ಪ ಈಗಿಲ್ಲ. ಅವನ ಮುಂದ ತಪ್ಪಾಯ್ತು ಅನ್ನೋದು ಹಂಗೇ ಉಳೀತು. ಈಗೂ ನಾ ಯಾರದಾದ್ರೂ ಮಾತು ತಿದ್ದಲಿಕ್ಕ ಬಾಯಿ ತೆಗದ್ರ, ಹೆಂಡತಿ ಅಡಗಿ ಮನಿಯಿಂದ "ಇಸ್ಟಾಪ್!" ಅಂತಾಳ.

ನಿಂದರ್ತೀನಿ.